ಐದಕ್ಷರದ ಮನುಷ್ಯ

ಬಾಗಲಕೋಟೆಯ ವಾಚನಾಲಯದಲ್ಲಿ ಒಬ್ಬ ವೈದ್ಯರು ಭಾಷಣ ಮಾಡಿ ಹೋದರು. ಅದರ ಫಲವನ್ನು ನಮ್ಮ ಮನೆ ಮೂರು ತಿಂಗಳು ಉಂಡಿತು. ದಿನಾ ತಾಲೀಮು ಬಿಟ್ಟ ಪೈಲವಾನನ ಮೈ ಹೇಗೆ ಜೋಲುತ್ತದೆಯೋ ಹಾಗೆಯೇ ಕಸರತ್ತು ಮಾಡದ ಮಿದುಳು ನಲವತ್ತು ದಾಟಿದ ಮೇಲೆ ತುಕ್ಕು ಹಿಡಿಯುತ್ತದೆ ಎಂದು ಅವರು ಹೇಳಿದ್ದರಂತೆ. ನಾನಾ ಕಾಕಾನಿಗೆ ಆಗ ನಲವತ್ತೊಂದು. ಮನೆಗೆ ಬಂದವರೇ ತಲೆಯನ್ನು ಎರಡೂ ಕಡೆ ತಟ್ಟಿ ನೋಡಿಕೊಂಡು, ಒಂದು ವರ್ಷದ ತುಕ್ಕು ಆಗಲೇ ಕೂತುಬಿಟ್ಟಿದೆ ಎಂದು ನಿರ್ಣಯಿಸಿದರು.

ನಾನಾ ಕಾಕಾ ಎಂದರೆ ನನ್ನ ಮೌಶಿ, ಅಂದರೆ ತಾಯಿಯ ತಂಗಿ, ಪ್ರೇಮಾಬಾಯಿಯ ಯಜಮಾನರು. ಮಾಮಲೇದಾರ ಕಚೇರಿ, ಎಂದರೆ ತಾಲೂಕು ಕಚೇರಿಯಲ್ಲಿ ಕಾರಕೂನರು. ಸಾವಿರದ ಒಂಬೈನೂರ ಐವತ್ತೈದರಲ್ಲಿ ನಾನು ಕಾಲೇಜು ಕಲಿಯಲೆಂದು ಬಾದಾಮಿಯಿಂದ ಬಂದು ಅವರ ಮನೆಯಲ್ಲಿದ್ದೆ. ಊರೆಲ್ಲ ಅವರನ್ನು ನಾನಾ ಎನ್ನುತ್ತಿತ್ತು. ಕಚೇರಿಯಲ್ಲಿ ಗಲಗಲಿ ಎಂಬ ಅಡ್ಡಹೆಸರೇ ಸಾಕಾಗುತ್ತಿತ್ತು. ಮೌಶಿಯಂತೂ ‘ಇವರು’ ಎನ್ನುತ್ತಿದ್ದಳು, ತೀರ ಸಿಟ್ಟು ಬಂದಾಗ ‘ಇವರಽ’ ಎಂದು ಸ್ವಲ್ಪ ಎಳೆಯುತ್ತಿದ್ದಳು. ಅವರಿಗೆ ಇನ್ನೊಂದು ಹೆಸರು ಇದ್ದೀತೆಂದು ನನಗೆ ಎಂದೂ ಹೊಳೆದಿರಲಿಲ್ಲ.

ಮಿದುಳಿನ ತಾಲೀಮು ಎಡಗೈಯಿಂದ ಆರಂಭವಾಯಿತು. ಎಡಗೈಯಲ್ಲಿ ಬರೆದರೆ ಮಿದುಳಿನ ಮಲಗಿದ ಭಾಗ ಏಳುತ್ತದೆ ಎಂದು ವೈದ್ಯರು ಹೇಳಿದ್ದರು. ಅದು ಎದ್ದಿತೋ ಇಲ್ಲವೋ, ಹಳ್ಳಿಯಿಂದ ಬಂದ ಅಮಾತೆಪ್ಪನ ಅರ್ಜಿಯನ್ನು ನಕಲು ಮಾಡುವಾಗ ‘ಬಾವಿ’ಯ ತಲೆಯ ಮೇಲಿನ ಗುಡಿಸು ಹಾರಿಹೋಯಿತು. ‘ನಮ್ಮ ಬಾವ ಪೂರ್ತಿ ಬತ್ತಿದ್ದು, ಇನ್ನೂ ಹತ್ತು ಮೊಳ ತೋಡಲು ಅಪ್ಪಣೆ ಆಗಬೇಕು’ ಎಂಬ ವಿನಂತಿ ಸಾಹೇಬರ ಮೇಜಿಗೆ ಹೋಯಿತು. ಆಮೇಲೆ ದಿನಾ ಬೇರೆ ಬೇರೆ ದಾರಿಯಿಂದ ಮನೆಗೆ ಬರುವ ಕಸರತ್ತು. ಒಂದು ಸಂಜೆ ಯೋಚಿಸುತ್ತ ಯೋಚಿಸುತ್ತ ಹಿಂದಿನ ಓಣಿಯ ಶಮಶಾದಬಿಯ ಮನೆಯ ಕಟ್ಟೆಯ ಮೇಲೆ ಟೊಪಿಗಿ ತೆಗೆದಿಟ್ಟು, ಚಹಾ ಆಯ್ತೇನು ಎಂದು ಕೂಗಿದರು. ಆ ಪುಣ್ಯಾತ್ಗಿತ್ತಿ ನಗಲಿಲ್ಲ. ಒಂದು ತಂಬಿಗೆ ನೀರು ಕೊಟ್ಟು, ನಿಮ್ಮ ಕಡೆಯೇ ಹೊರಟಿದ್ದೆ ಎಂದು ಸುಳ್ಳು ಹೇಳಿ, ಮನೆಯ ಬಾಗಿಲ ತನಕ ಮುಂದೆ ಮುಂದೆ ನಡೆದು ಬಿಟ್ಟುಹೋದಳು. ಊರಲ್ಲಿ ಯಾರಿಗೂ ಹೇಳಲಿಲ್ಲ. ಕಾಕಾ ತಾವೇ ಎಲ್ಲರಿಗೂ ಹೇಳಿದರು.

ಕೊನೆಗೆ ಅವರು ಹಿಡಿದದ್ದು ಶಬ್ದಚೌಕ. ಹುಬ್ಬಳ್ಳಿಯಿಂದ ಬರುತ್ತಿದ್ದ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ ಕಪ್ಪು ಬಿಳಿ ಮನೆಗಳ ಚೌಕ ಇರುತ್ತಿತ್ತು. ಕೆಳಗಿನ ಸುಳುಹು ನೋಡಿ ಅಡ್ಡಕ್ಕೂ ಉದ್ದಕ್ಕೂ ಅಕ್ಷರ ತುಂಬಬೇಕು. ಎಲ್ಲ ಸರಿಯಾಗಿ ತುಂಬಿ ಕಳಿಸಿದವರ ಹೆಸರು ಮುಂದೆ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಅಷ್ಟೇ ಬಹುಮಾನ. ಆದರೆ ಆ ಬಹುಮಾನ ಕಾಕಾನ ಗೆಳೆಯ ಕೃಷ್ಣಾಜಿಗೆ ಒಮ್ಮೆ ಬಂದುಬಿಟ್ಟಿತ್ತು. ಅವರು ಪತ್ರಿಕೆಯ ಆ ತುಣುಕಿಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗು ಹಾಕಿದ್ದಲ್ಲದೆ, ವಾಚನಾಲಯದಲ್ಲಿ ಒಂದು ಹೊಸ ಕಾಯದೆಯನ್ನೂ ಜಾರಿಗೆ ತಂದಿದ್ದರು. ಹೆಸರು ಅಚ್ಚಾದವರು ಪತ್ರಿಕೆಯನ್ನು ಮೊದಲು ಓದಬೇಕು, ಉಳಿದವರು ಆಮೇಲೆ. ಕೃಷ್ಣಾಜಿ ಜಾಹೀರಾತುಗಳನ್ನೂ ಬಿಡದೆ ತುಟಿ ಅಲ್ಲಾಡಿಸುತ್ತ ಓದುವವರು. ಕಾಕಾ ಎದುರಿನ ಬೆಂಚಿನ ಮೇಲೆ ಕೂತು ಆ ತುಟಿಗಳನ್ನೇ ಓದುತ್ತ ಎರಡು ತಿಂಗಳು ಕಳೆದಿದ್ದರು.

ಕಾಕಾನ ಹೆಸರು ಅಲ್ಲಿಯವರೆಗೆ ಎಲ್ಲಿಯೂ ಅಚ್ಚಾಗಿರಲಿಲ್ಲ. ಮ್ಯಾಟ್ರಿಕ್ ಪಾಸಾದಾಗ ಪತ್ರಿಕೆಯಲ್ಲಿ ನಂಬರು ಮಾತ್ರ ಬಂದಿತ್ತು. ಮದುವೆಯ ಪತ್ರಿಕೆಯಲ್ಲಿ ‘ಚಿ. ನಾನಾ’ ಎಂದು ಹಾಕಿಸಿದ್ದರು. ಒಮ್ಮೆ ನನ್ನ ಕಾಲೇಜಿನ ಪುಸ್ತಕದ ಮೇಲೆ ಕುಮುದಾ ಎಂದು ನನ್ನ ಹೆಸರಿದ್ದ ಕಡೆ ಬೆರಳಾಡಿಸಿ, ಅಚ್ಚಿನ ಅಕ್ಷರ ಎಷ್ಟು ಚಂದ ಕೂಡ್ರತಾವ ನೋಡು ಎಂದಿದ್ದರು. ಅದು ಅಚ್ಚಿನದಲ್ಲ, ನಾನೇ ಬರೆದದ್ದು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಒಂದು ರವಿವಾರ ಕೃಷ್ಣಾಜಿ ಪತ್ರಿಕೆಯ ಮೇಲಿನಿಂದ ಇಣುಕಿ, ಎಡಗೈ ಪಂಡಿತರು ಈ ವಾರಾನೂ ಖಾಲಿ ಏನು ಎಂದು ಕೇಳಿದರಂತೆ. ಕಾಕಾ ರೋಷದಿಂದ, ಈ ಸಲ ನನ್ನ ಚೌಕದ ಮೇಲೆ ಹೆಸರು ಬಾರದಿದ್ದರೆ ಈ ವಾಚನಾಲಯದ ಮೆಟ್ಟಿಲು ಹತ್ತುವುದಿಲ್ಲ ಎಂದುಬಿಟ್ಟರು.

“ಬರ್ಲಿ,” ಎಂದರು ಕೃಷ್ಣಾಜಿ. “ನಿನ್ನ ಚೌಕದ ಮ್ಯಾಲೆ ಯಾರ ಹೆಸರು ಬರ್ತದ, ಅವರ ಮನಿ ಬಾಗಲಕ್ಕ ಪ್ರತಿ ವಾರ ಪತ್ರಿಕಾ ನಾನಽ ಹೊತ್ತು ತರ್ತೇನಿ. ಅವರು ಓದಿ ಮುಗಿಸೂತನಕ ಕಾಯ್ತೇನಿ.”

ಹತ್ತು ಜನ ಸಾಕ್ಷಿ ಇದ್ದರು. ಕಾಕಾನಿಗೆ ವಾಚನಾಲಯ ತಪ್ಪಿದರೆ ಸಂಜೆ ತಪ್ಪಿದಂತೆ, ಸಂಜೆ ತಪ್ಪಿದರೆ ಬದುಕೇ ತಪ್ಪಿದಂತೆ. ಮೌಶಿ ಅಂದು ಅನ್ನಕ್ಕೆ ಎರಡು ಸಲ ತುಪ್ಪ ಬಡಿಸಿದಳು.

ಆ ವಾರದ ಚೌಕ ಮೂರೇ ದಿನಕ್ಕೆ ತುಂಬಿತು. ಉಳಿದದ್ದು ಒಂದೇ ಸಾಲು. ಸುಳುಹು ಹೀಗಿತ್ತು: ‘ಸೊಂಟದ ಮೇಲೆ ಕೈ ಇಟ್ಟು ನಿಂತೇ ಇದ್ದಾನೆ, ಕುಳಿತುಕೋ ಎಂದವರಿಲ್ಲ.’ ಐದಕ್ಷರ. ಮೊದಲ ನಾಲ್ಕಕ್ಕೆ ಯಾವ ಆಸರೆಯೂ ಇಲ್ಲ. ಕೊನೆಯ ಅಕ್ಷರ ಮಾತ್ರ ಮೇಲಿನಿಂದ ಇಳಿದು ಬರುವ ಒಂದು ಎರಡಕ್ಷರದ ಮಾತಿನಿಂದ ಸಿಕ್ಕಿತ್ತು. ಅದರ ಸುಳುಹು, ‘ನಡೆಯುವವರೆಲ್ಲರ ಕಾಲ ಕೆಳಗಿರುವುದು.’ ಕಾಕಾ ಕ್ಷಣವೂ ಯೋಚಿಸದೆ ‘ಕೆರ’ ಎಂದು ಬರೆದಿದ್ದರು. ನಮ್ಮ ಕಡೆ ಕಾಲಿಗೆ ಹಾಕುವುದು ಕೆರ ತಾನೇ? ಆದ್ದರಿಂದ ಆ ನಿಂತ ಮನುಷ್ಯನ ಹೆಸರು ‘ರ’ ಎಂದೇ ಮುಗಿಯಬೇಕು.

ನಾನು ವಿಠ್ಠಲ ಎಂದೆ. ಮೂರಕ್ಷರ ಎಂದರು. ಪಾಂಡುರಂಗ ಎಂದೆ. ನಾಲ್ಕು, ಅದರಲ್ಲೂ ಕೊನೆಗೆ ‘ರ’ ಎಲ್ಲಿದೆ ಎಂದು ಸಾಕ್ಷಾತ್ ದೇವರನ್ನೇ ಬಾಗಿಲಿನಿಂದ ತಿರುಗಿ ಕಳಿಸಿಬಿಟ್ಟರು. ಮೌಶಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದು ಸಲ ಕಾಕಾನ ಮುಖ ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಮತ್ತೆ ರೊಟ್ಟಿ ಬಡಿಯತೊಡಗಿದಳು. ಬಡಿಸಲು ಬಂದಾಗ ಮಾತ್ರ, ಅದೇನು ಭಾಳ ದೂರ ಇಲ್ಲ ಎಂದಳು.

“ಹಾಂಗಂದ್ರ?” ಎಂದರು ಕಾಕಾ.

“ದಿನಾ ಕಚೇರಿಗೆ ಹೋಗ್ತದ, ಬರ್ತದ. ಇದಕ್ಕಿಂತ ಹೆಚ್ಚಿಗಿ ನನಗ ಹೇಳಲಿಕ್ಕೆ ಬರೂದಿಲ್ಲ.”

ಕಾಕಾನ ಕೈಯಲ್ಲಿದ್ದ ತುತ್ತು ಅರ್ಧದಲ್ಲಿ ನಿಂತಿತು. ಕಚೇರಿ, ಐದಕ್ಷರ, ಕೊನೆಗೆ ರ. ಬೆರಳು ಮಡಚಿ ಎಣಿಸಿದರು: ಮಾ, ಮ, ಲೇ, ದಾ, ರ. ಮೌಶಿ ಹಣೆಗೆ ಕೈ ಹಚ್ಚಿಕೊಂಡದ್ದನ್ನು ಅವರು ನೋಡಲಿಲ್ಲ. ಮರುದಿನ ಬೆಳಿಗ್ಗೆ ಅವಳು ಒಂದು ಚೀಟಿಯಲ್ಲಿ ಏನೋ ಬರೆದು ಅವರ ಕೋಟಿನ ಕಿಸೆಯಲ್ಲಿ ಇಟ್ಟದ್ದನ್ನು ನಾನು ನೋಡಿದೆ. ಕಿರಾಣಿ ಸಾಮಾನಿನ ಪಟ್ಟಿ ಇರಬೇಕೆಂದು ಸುಮ್ಮನಾದೆ.

ನಾನಾ ಕಾಕಾ ಜವಾಬ್ದಾರಿಯ ಮನುಷ್ಯ. ಖಾತ್ರಿ ಮಾಡಿಕೊಳ್ಳದೆ ಶಾಯಿಯಲ್ಲಿ ಬರೆಯುವವರಲ್ಲ. ಮಾಮಲೇದಾರರು ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾರೋ ಇಲ್ಲವೋ ಕಣ್ಣಾರೆ ನೋಡಬೇಕಿತ್ತು. ಆದರೆ ನಮ್ಮ ಮಾಮಲೇದಾರ ರಾವಸಾಹೇಬರು ಬೆಳಿಗ್ಗೆ ಹನ್ನೊಂದಕ್ಕೆ ಕುರ್ಚಿಯಲ್ಲಿ ಕೂತರೆ ಐದಕ್ಕೇ ಏಳುವವರು. ಎರಡು ದಿನ ಕಾಕಾ ಬಾಗಿಲ ಸಂದಿಯಿಂದ ನೋಡಿದರು. ಸಾಹೇಬರು ಏಳಲಿಲ್ಲ. ಮೂರನೆಯ ದಿನ ಕಾಕಾ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ, ಸಾಹೇಬರ ಬೆತ್ತದ ಕುರ್ಚಿಗೆ ತಗಣಿ ಹತ್ತಿವೆ ಎಂದು ಸಾರಿ, ಅದನ್ನು ಹಿತ್ತಲ ಬಿಸಿಲಿಗೆ ಹಾಕಿಸಿದರು. ಕೋಣೆಯಲ್ಲಿದ್ದ ಸ್ಟೂಲನ್ನೂ ಬಿಡಲಿಲ್ಲ. ತಗಣಿ ಎಂದ ಮೇಲೆ ನಂಟಸ್ತನ ಇದ್ದೇ ಇರುತ್ತದೆ ಎಂದರಂತೆ.

ಮುಂದಿನದನ್ನು ನಾನು ಖಜಾನೆಯ ಪಹರೆಯಲ್ಲಿದ್ದ ಹವಾಲದಾರ ಮುರ್ತುಜಸಾಬರಿಂದ ಕೇಳಿದ್ದು. ರಾವಸಾಹೇಬರು ಬಂದರು. ಕುರ್ಚಿ ಇದ್ದ ಜಾಗ ನೋಡಿದರು. ನಿಧಾನವಾಗಿ ಎರಡೂ ಕೈ ಸೊಂಟಕ್ಕೆ ಹೋದವು. ಯಾರೂ ಕೂಡ್ರಿ ಎನ್ನಲಿಲ್ಲ, ಕೂಡ್ರಲು ಅಲ್ಲಿ ಏನೂ ಇರಲಿಲ್ಲ. ಬಾಗಿಲ ಹೊರಗೆ ಕಾಕಾ “ಹತ್ತಿತು ನೋಡು” ಎಂದು ತಮ್ಮ ತೊಡೆ ತಟ್ಟಿಕೊಂಡದ್ದು ಒಳಗಿನವರೆಗೆ ಕೇಳಿಸಿತು.

ಅದೇ ಹೊತ್ತಿಗೆ ತನ್ನ ಬಾವಿಯ ವಿಷಯ ಸರಿಮಾಡಿಸಲು ಅಮಾತೆಪ್ಪ ಬಂದಿದ್ದ. ಹಿತ್ತಲಲ್ಲಿ ಕಾಲು ಮೇಲಾಗಿ ಬಿದ್ದ ಕುರ್ಚಿ, ಒಳಗೆ ನಿಂತ ಸಾಹೇಬರು, ಎರಡನ್ನೂ ನೋಡಿದ. ಹಳ್ಳಿಯ ಜಾಣ ಮನುಷ್ಯ, ಕೂಡಿಸಿ ಲೆಕ್ಕ ಹಾಕಿದ. ಸಂತೆಗೆ ಹೋಗಿ, ರಾವಸಾಹೇಬರ ಕುರ್ಚಿ ಹೋತು ಎಂದ.

ಕುರ್ಚಿ ಹೋಗುವುದೆಂದರೆ ನಮ್ಮಲ್ಲಿ ಏನೆಂದು ಹೇಳಬೇಕಾಗಿಲ್ಲ. ಹನ್ನೆರಡಕ್ಕೆ ಸಾಹೇಬರಿಗೆ ಬದಲಿ ಆಗಿದೆ ಎಂದಾಯಿತು, ಒಂದಕ್ಕೆ ಕೆಲಸದಿಂದಲೇ ತೆಗೆದರಂತೆ ಎಂದಾಯಿತು. ಎರಡಕ್ಕೆ ಮಾಲೆಗಳು ಬರತೊಡಗಿದವು. ಇಳಕಲ್ಲಿನ ನೇಕಾರ ಬಾಬುಸಾಬ ಯಾವುದೋ ಕೆಲಸಕ್ಕೆ ಊರಿಗೆ ಬಂದಿದ್ದವನು ಸುದ್ದಿ ಕೇಳಿ, ಬೇರೆ ಯಾರಿಗೋ ತಂದಿದ್ದ ರೇಶಿಮೆ ರುಮಾಲನ್ನು ಸಾಹೇಬರ ಹೆಗಲಿಗೆ ಹಾಕಿ ಕಣ್ಣೊರೆಸಿಕೊಂಡ. ಸಾಹೇಬರ ಮನೆಯವರು ಭಾಗೀರಥೀಬಾಯಿ ಸಂಜೆಯ ಹೊತ್ತಿಗೆ ಅರ್ಧ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿಸಿದ್ದರು. ಇಂಥ ಊರು ಮತ್ತೆ ಸಿಗೂದಿಲ್ಲ ಎಂದು ಓಣಿಯವರಿಗೆಲ್ಲ ಉಪ್ಪಿನಕಾಯಿ ಹಂಚಿಬಿಟ್ಟಿದ್ದರು.

ನಾಲ್ಕು ಗಂಟೆಗೆ ಕಾಕಾನನ್ನು ಒಳಗೆ ಕರೆದರು. ಕೊರಳ ತುಂಬ ಚೆಂಡುಹೂವಿನ ಮಾಲೆ, ಹೆಗಲ ಮೇಲೆ ರುಮಾಲು, ಸಾಹೇಬರು ಇನ್ನೂ ನಿಂತೇ ಇದ್ದರು. ವಾಚನಾಲಯ ಹೋಗುವುದಿರಲಿ, ನೌಕರಿಯೇ ಹೋಗುವ ಹೊತ್ತು ಬಂದಿತ್ತು. ಅವರು ಏನನ್ನೂ ಮುಚ್ಚಿಡದೆ ವೈದ್ಯರ ಭಾಷಣದಿಂದ ಹಿಡಿದು ‘ರ’ದ ತನಕ ಎಲ್ಲವನ್ನೂ ಹೇಳಿ, ಚೌಕವನ್ನು ಮೇಜಿನ ಮೇಲೆ ಇಟ್ಟರು.

ಸಾಹೇಬರು ಕೊರಳ ಮಾಲೆಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ, ಮೂರು ವರ್ಷದಿಂದ ಈ ಊರಾಗ ಇದ್ದೇನಿ, ನಾ ಒಳ್ಳೆಯವ ಅಂತ ಒಬ್ಬರೂ ಹೇಳಿದ್ದಿಲ್ಲ, ಇವತ್ತು ನಲವತ್ತು ಮಂದಿ ಹೇಳಿದರು ಎಂದರು. ಮಾಲೆಯನ್ನು ತೆಗೆದಿಟ್ಟು ಕನ್ನಡಕ ಏರಿಸಿ ಚೌಕದ ಮೇಲೆ ಬಾಗಿದರು.

“ಗಲಗಲಿ, ಇದು ಮಾಮಲೇದಾರ ಅಲ್ಲೋ. ಮಾಮಲೇದಾರಗ ಕೂಡ್ರು ಅನ್ನೋರು ರಗಡ ಮಂದಿ. ಹವಾಲದಾರ ಯಾಕ ಇರಬಾರದು?”

ಹ, ವಾ, ಲ, ದಾ, ರ. ಅದೂ ಐದೇ. ಮುರ್ತುಜಸಾಬರನ್ನು ಕರೆಸಿ, ಸೊಂಟದ ಮೇಲೆ ಕೈ ಇಟ್ಟು ನಿಲ್ಲಲು ಹೇಳಿದರು. ಆತ ಗಾಬರಿಯಾಗಿ ಕೈಗಳನ್ನು ಇನ್ನೂ ಕೆಳಗೆ ಇಳಿಬಿಟ್ಟ. “ಸಾಹೇಬ್ರ, ಹದಿನೆಂಟ ವರ್ಷದಿಂದ ನಿಂತೇನ್ರಿ. ಕೂಡ್ರು ಅಂದವರಿಲ್ಲ, ಅದು ಖರೆ. ಆದ್ರ ಸೊಂಟದ ಮ್ಯಾಲೆ ಕೈ ಇಟ್ಟಿದ್ರ ಹದಿನೆಂಟ ದಿವಸ ಸೈತ ನಿಲ್ಲತಿದ್ದಿಲ್ರಿ.”

ಹೀಗೆ ಹವಾಲದಾರನೂ ಚೌಕದಿಂದ ಬಿದ್ದುಹೋದ. ಆದರೆ ಮರುದಿನ ಖಜಾನೆಯ ಪಡಸಾಲೆಯಲ್ಲಿ ಒಂದು ಬೆಂಚು ಬಂದಿತ್ತು. ಯಾರು ಹಾಕಿಸಿದರೆಂದು ಯಾರೂ ಕೇಳಲಿಲ್ಲ. ತಗಣಿ ತೆಗೆಯಲು ಕುರ್ಚಿಯಂತೆ ಅದನ್ನೂ ಹೊರಗೆ ಹಾಕಿರಬೇಕು ಎಂದು ಕಾಕಾ ತಿಳಿದರು.

ಉತ್ತರ ಕಳಿಸುವ ಕೊನೆಯ ದಿನ ಶನಿವಾರ. ಐದೂವರೆಯ ಟಪಾಲಿಗೆ ಹಾಕಲೇಬೇಕು. ಕಚೇರಿ ಅಂದು ಅರ್ಧ ದಿನ, ನಾಲ್ಕಕ್ಕೆ ರಾವಸಾಹೇಬರು ನೆಟ್ಟಗೆ ನಮ್ಮ ಮನೆಗೇ ಬಂದರು. ಅವರಿಗೆ ನಾಲ್ಕೈದು ದಿನದಿಂದ ನಿದ್ದೆ ಇಲ್ಲವಂತೆ, ಊಟದ ತಾಟಿನಲ್ಲೂ ‘ರ’ವೇ ಕಾಣುತ್ತಿತ್ತಂತೆ. ಹಿಂದೆ ಮುರ್ತುಜಸಾಬರು. ಆಟ ನೋಡಲು ಕೃಷ್ಣಾಜಿಯೂ ಬಂದು ಕಟ್ಟೆಯ ಮೇಲೆ ಕೂತು ಕಾಲು ಅಲ್ಲಾಡಿಸತೊಡಗಿದರು. ಮೌಶಿ ಎಲ್ಲರಿಗೂ ಅವಲಕ್ಕಿ, ಚಹಾ ಕೊಟ್ಟು ನಡುಮನೆಯ ಬಾಗಿಲ ಮರೆಗೆ ಬಂದು ನಿಂತಳು. ಸಾಹೇಬರು ಸುಳುಹುಗಳನ್ನೆಲ್ಲ ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದರು.

ಆಗ ಮೊಸರಿನ ಗಡಿಗೆ ಹೊತ್ತುಕೊಂಡು ಗುರುಲಿಂಗವ್ವ ಬಂದಳು. ಅವಳು ದಿನಾ ಮೂರು ಹರದಾರಿ ದೂರದ ಹಳ್ಳಿಯಿಂದ ಬರುವವಳು. ಗಂಡಸರ ಸಭೆ ನೋಡಿ ಪಡಸಾಲೆಯ ಅಂಚಿನಲ್ಲೇ ಗಡಿಗೆ ಇಳಿಸಿದಳು.

“‘ನಡೆಯುವವರೆಲ್ಲರ ಕಾಲ ಕೆಳಗಿರುವುದು,’” ಎಂದು ಸಾಹೇಬರು ಓದಿದರು.

“ಕೆರ,” ಎಂದರು ಕಾಕಾ. “ಅದರಾಗ ಸಂಶಯನ ಇಲ್ಲರಿ.”

ಗುರುಲಿಂಗವ್ವ ತನ್ನ ಕಾಲು ನೋಡಿಕೊಂಡಳು. ಮೊಣಕಾಲಿನ ತನಕ ಕೆಂಪು ಧೂಳು. “ಎಲ್ಲಾರ್ದೂ ಅಂದ್ರ ನಂದೂ ಬಂತಲ್ಲರೀ ಯಪ್ಪಾ,” ಎಂದಳು. “ನನ್ನ ಕಾಲಾಗ ಕೆರ ಎಲ್ಲಿ ಐತ್ರಿ? ಹುಟ್ಟಿದಾಗಿಂದ ನನ್ನ ಕಾಲ ಕೆಳಗ ಐತಿ ಅಂದ್ರ ಬರೇ ಹಾದಿ.”

ಕೃಷ್ಣಾಜಿಯ ಕಾಲು ಅಲ್ಲಾಡುವುದು ನಿಂತಿತು. ಸಾಹೇಬರು ಬಾಗಿಲಲ್ಲಿ ಬಿಟ್ಟಿದ್ದ ಎಲ್ಲರ ಕೆರಗಳನ್ನು ನೋಡಿದರು, ಆಮೇಲೆ ಗುರುಲಿಂಗವ್ವನ ಕಾಲನ್ನು ನೋಡಿದರು. ಮೌಶಿ ಒಂದು ತಂಬಿಗೆ ನೀರು ತಂದು ಅವಳ ಕಾಲ ಬಳಿ ಇಟ್ಟು ಮತ್ತೆ ಬಾಗಿಲಿಗೆ ಹೋದಳು.

“ಹಾದಿ ಅಂದ್ರ ದಾರಿ,” ಎಂದು ಸಾಹೇಬರು ನಿಧಾನವಾಗಿ ಹೇಳಿದರು. “ಪತ್ರಿಕಾದವರ ಬಾಯಾಗ ಅದು ಪಥ. ಗಲಗಲಿ, ‘ಕೆರ’ ಅಳಿಸು. ಕೊನಿಗೆ ‘ಥ’ ಬರ್ತದ.”

ಕಾಕಾ ರಬ್ಬರಿನಿಂದ ತಿಕ್ಕಿದರು. ಥ ಎಂದು ಮುಗಿಯುವ, ಸೊಂಟದ ಮೇಲೆ ಕೈ ಇಟ್ಟ ಐದಕ್ಷರದ ಮನುಷ್ಯ ಯಾರು? ಎಲ್ಲರೂ ಮಾಳಿಗೆ ನೋಡುತ್ತ ಕೂತರು. ಗಡಿಯಾರ ಐದು ಹೊಡೆಯಿತು. ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು, ಕೆಮ್ಮು ಕೇಳಿತು, ಮತ್ತೆ ಬಳೆ ಸದ್ದಾಯಿತು. ಸಾಹೇಬರು ತಿರುಗಿ, ವೈನಿಯವರಿಗೆ ಗೊತ್ತದ ಏನು ಎಂದು ಕೇಳಿದರು. ಅಷ್ಟು ದಿನಗಳಲ್ಲಿ ಆ ಮನೆಯಲ್ಲಿ ಮೌಶಿಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

“ಮೊದಲನೇ ದಿವಸದಿಂದ ಗೊತ್ತದ್ರಿ,” ಎಂದಳು ಮೌಶಿ. “ಆದರ ನನ್ನ ಬಾಯಲೆ ಹ್ಯಾಂಗ ಹೇಳಲಿ?”

ಗಂಡಸರಿಗೆ ಅರ್ಥವಾಗಲಿಲ್ಲ. ಗುರುಲಿಂಗವ್ವ ಮಾತ್ರ ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಯ್ಯ ಶಿವನ, ಗಂಡನ ಹೆಸರ ಬಂದೈತೇನ್ರಿ? ಒಡಪು ಹಾಕಿ ಹೇಳ್ರಲ್ಲ, ಯವ್ವಾ. ಒಡಪಿನ್ಯಾಗ ಹೇಳಿದ್ರ ದೋಷಿಲ್ಲ.”

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಹಾಗೆ ಹೇಳುವಂತಿಲ್ಲ. ಮದುವೆ ಮುಂಜಿಗಳಲ್ಲಿ ಹತ್ತು ಜನ ಕಾಡಿದರೆ ಎರಡು ಸಾಲಿನ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಹೇಳಬೇಕು. ಮೌಶಿ ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದು ಒಂದು ಹೆಜ್ಜೆ ಮುಂದೆ ಬಂದಳು.

“ಐದಕ್ಷರಕ್ಕ ಊರೆಲ್ಲಾ ತಿರುಗಿದ್ದು ವ್ಯರ್ಥ,
ಕನ್ನಡಿ ನೋಡಿಕೊಳ್ಳಲಿಲ್ಲ ನಮ್ಮ ಪಂಢರೀನಾಥ.”

ಪಂ, ಢ, ರೀ, ನಾ, ಥ. ವಿಠ್ಠಲನ ಇನ್ನೊಂದು ಹೆಸರು. ಪಂಢರಪುರದಲ್ಲಿ ಇಟ್ಟಂಗಿಯ ಮೇಲೆ ಸೊಂಟಕ್ಕೆ ಕೈ ಇಟ್ಟು ನಿಂತವನೇ. ಸಾಹೇಬರು ಭಲೆ ಎಂದರು. ಆಮೇಲೆ, ಪಂಢರೀನಾಥ ಅಂದ್ರ ಈ ಮನಿಯೊಳಗ ಯಾರು ಎಂದು ಕೇಳಿದರು. ಹನ್ನೆರಡು ವರ್ಷ ಜೊತೆಗೆ ಚಹಾ ಕುಡಿದ ಕೃಷ್ಣಾಜಿಗೂ ಗೊತ್ತಿರಲಿಲ್ಲ. ಕಾಕಾ ಕೂಡ ಒಂದು ಕ್ಷಣ ಹಿಂದೆ ಮುಂದೆ ನೋಡಿದರು.

“ಅರೆ,” ಎಂದರು ನಾನಾ, “ಅದು ನಾನಽ.”

ಕೋಟಿನ ಕಿಸೆಗೆ ಕೈ ಹಾಕಿ ಒಂದು ಚೀಟಿ ತೆಗೆದರು. ಮೌಶಿಯ ಗುಂಡಗಿನ ಅಕ್ಷರದಲ್ಲಿ ಅದೇ ಐದಕ್ಷರ. ಕೋಟು ಅಗಸರಲ್ಲಿ ಅದಲುಬದಲಾಗದಿರಲೆಂದು ಗುರುತಿಗೆ ಇಟ್ಟಿದ್ದಾಳೆ ಎಂದು ತಿಳಿದು, ಎಂಟು ದಿನದಿಂದ ಜೋಪಾನ ಮಾಡಿದ್ದರಂತೆ.

ನಗುವುದಕ್ಕೆ ಹೊತ್ತಿರಲಿಲ್ಲ. ಕಾಕಾ ಅಕ್ಷರ ತುಂಬಿದರು, ಬಲಗೈಯಿಂದ. ಕೆಳಗೆ ಹೆಸರು ಬರೆಯುವ ಸಾಲು ಬಂದಾಗ ಲೇಖಣಿ ನಿಂತಿತು. ಒಮ್ಮೆ ಬಾಗಿಲ ಕಡೆ ನೋಡಿದರು. ಏನೋ ಬರೆದು, ಯಾರಿಗೂ ತೋರಿಸದೆ ಲಕ್ಕೋಟೆ ಅಂಟಿಸಿದರು. ಮುರ್ತುಜಸಾಬರು ಅದನ್ನು ಹಿಡಿದು ಟಪಾಲು ಕಚೇರಿಗೆ ಓಡಿದರು. ಹದಿನೆಂಟು ವರ್ಷ ನಿಂತ ಮನುಷ್ಯ ಅಷ್ಟು ಜೋರಾಗಿ ಓಡಬಲ್ಲನೆಂದು ಯಾರೂ ಎಣಿಸಿರಲಿಲ್ಲ.

ಮೂರು ವಾರದ ಮೇಲೆ ಪತ್ರಿಕೆ ಬಂತು. ಕೃಷ್ಣಾಜಿ ವಾಚನಾಲಯದಲ್ಲಿ ತುಟಿ ಅಲ್ಲಾಡಿಸುತ್ತ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿ, ನಿನ್ನ ಹೆಸರು ಇಲ್ಲ, ಮೆಟ್ಟಿಲು ಇಳಿ ಎಂದರಂತೆ. ಕಾಕಾ ಮೆತ್ತಗೆ, ಏಳನೇ ಸಾಲು ಮತ್ತೊಮ್ಮೆ ನೋಡು ಎಂದರಂತೆ. ಅಲ್ಲಿ ಹೀಗಿತ್ತು: ‘ಸೌ. ಪ್ರೇಮಾಬಾಯಿ ಪ. ಗಲಗಲಿ, ಬಾಗಲಕೋಟೆ.’

ಅವರ ಹೆಸರು ಕೊನೆಗೂ ಅಚ್ಚಾದದ್ದು ಒಂದೇ ಒಂದು ಅಕ್ಷರ, ಅದಕ್ಕೊಂದು ಚುಕ್ಕೆ. ಉಳಿದ ನಾಲ್ಕಕ್ಕೆ ಪತ್ರಿಕೆಯಲ್ಲಿ ಜಾಗ ಸಾಲದಾಗಿತ್ತು. ಉತ್ತರ ಹೇಳಿದವರ ಹೆಸರು ಬರೀಬೇಕು, ಅದು ಕಾಯದೆ ಎಂದು ಕಾಕಾ ಹೇಳಿದರಂತೆ. ಕೃಷ್ಣಾಜಿ, ಹಾಗಾದರೆ ಗೆದ್ದವ ನೀನಲ್ಲ ಎಂದು ವಾದ ಹೂಡಿದರು. ಆದರೆ ಹತ್ತು ಸಾಕ್ಷಿಗಳು ಅವರ ಮಾತನ್ನೇ ಅವರಿಗೆ ನೆನಪಿಸಿದರು. ಚೌಕದ ಮೇಲೆ ಯಾರ ಹೆಸರು ಬರುತ್ತದೋ ಅವರ ಮನೆ ಬಾಗಿಲಿಗೆ, ಪ್ರತಿ ವಾರ, ಓದಿ ಮುಗಿಸುವ ತನಕ.

ಆ ಕಾಲದಲ್ಲಿ ಹೆಂಗಸರು ವಾಚನಾಲಯಕ್ಕೆ ಹೋಗುತ್ತಿರಲಿಲ್ಲ. ಆ ರವಿವಾರದಿಂದ ವಾಚನಾಲಯವೇ ಮೌಶಿಯ ಹತ್ತಿರ ಬರತೊಡಗಿತು. ಮೌಶಿ ನಡುಮನೆಯಲ್ಲಿ ಕೂತು, ಕನ್ನಡಕ ಇಲ್ಲದ ಕಣ್ಣಿಗೆ ಪತ್ರಿಕೆಯನ್ನು ಹತ್ತಿರ ಹಿಡಿದು, ಜಾಹೀರಾತುಗಳನ್ನೂ ಬಿಡದೆ ಓದುತ್ತಿದ್ದಳು. ಎದುರು ಕಾಕಾ ಚೌಕದ ಸುಳುಹಿಗಾಗಿ ಪೆನ್ಸಿಲ್ ಹಿಡಿದು ತಮ್ಮ ಸರದಿ ಕಾಯುತ್ತಿದ್ದರು. ಬಾಗಿಲ ಹೊರಗೆ ಕೃಷ್ಣಾಜಿ.

ಮೊದಲ ದಿನ ನಾನು ಇಣುಕಿ ನೋಡಿದೆ. ಅವರು ಎರಡೂ ಕೈ ಸೊಂಟದ ಮೇಲೆ ಇಟ್ಟು ನಿಂತೇ ಇದ್ದರು. ನಾನು ಒಳಗೆ ಬಂದು ಮೌಶಿಯ ಕಿವಿಯಲ್ಲಿ ಅದನ್ನು ಹೇಳಿದೆ. ಅವಳು ಪತ್ರಿಕೆಯಿಂದ ಕಣ್ಣೆತ್ತದೆ, ತುಸು ನಕ್ಕು, “ಕುಮುದಾ, ಅವರಿಗೆ ಕೂಡ್ರಿ ಅಂತ ಹೇಳು,” ಎಂದಳು.